ಚೌಡಕ್ಕನಿಗೆ ಕುಡಿಸಿದ ಉಸಿರುನೀರು

ನಮ್ಮೂರಿಗೆ ಇರುವುದು ಒಂದೇ ಕಾಯಿಲೆ. ಅದು ಒಂದು ಮನೆಯಲ್ಲಿ ಒಬ್ಬರಿಗೆ ಬರುತ್ತದೆ, ಅವರಿಗೆ ವಾಸಿಯಾದ ಗಳಿಗೆಯಲ್ಲೇ ಎಡಗಡೆಯ ಮನೆಗೆ ದಾಟುತ್ತದೆ. ಬೀದಿ ಮುಗಿದರೆ ಮುಂದಿನ ಬೀದಿ. ಒಬ್ಬರು ಮಲಗಿರುವಾಗ ಊರಿನಲ್ಲಿ ಇನ್ನೊಬ್ಬರಿಗೆ ನೆಗಡಿ ಕೂಡ ಆಗುವುದಿಲ್ಲ. ಕೈ ಕುಯ್ದುಕೊಳ್ಳುವುದು, ಸುಟ್ಟುಕೊಳ್ಳುವುದು, ಹೆರಿಗೆ, ಮುಪ್ಪು ಇವೆಲ್ಲ ಬೇರೆ. ಮದುವೆ ಮಾಡುವವರು ಪಂಚಾಂಗ ಬಿಚ್ಚುವ ಮುಂಚೆ, ಈಗ ಯಾರ ಮನೆಯಲ್ಲಿದೆ, ನಮ್ಮ ಮನೆಗೆ ಬರಲು ಇನ್ನೆಷ್ಟು ಮನೆ ಇದೆ ಎಂದು ವಿಚಾರಿಸುತ್ತಾರೆ. ಹಿಂದೊಮ್ಮೆ ಒಬ್ಬರು ಡಾಕ್ಟರು ಬಂದು ಬೋರ್ಡು ಹಾಕಿದ್ದರು. ಒಂದು ಸಲಕ್ಕೆ ಒಬ್ಬನೇ ರೋಗಿ, ಅವನ ಹಾಸಿಗೆಯ ಸುತ್ತ ನಲವತ್ತು ಜನ. ಮೂರು ತಿಂಗಳು ನೋಡಿ ಬೋರ್ಡು ಕಳಚಿಕೊಂಡು ಹೊರಟುಹೋದರು.

ಕಾಯಿಲೆ ಒಂದೇ ಆದ್ದರಿಂದ ಊರಿನ ಪ್ರೀತಿಯೆಲ್ಲ ಒಬ್ಬರ ಮೇಲೇ ಬೀಳುತ್ತದೆ. ಈಗ ನನ್ನ ಮೈ ಉರಿಸುವುದು ಆ ಪ್ರೀತಿಯೇ. ನೋಡಲು ಬರುವವರು ಬರಿಗೈಯಲ್ಲಿ ಬರುವಂತಿಲ್ಲ, ಒಂದು ಲೋಟ ಮದ್ದು ತರಬೇಕು. ಮಲಗಿದವರು ಅದನ್ನು ತಂದವರ ಕಣ್ಣೆದುರೇ ಕುಡಿದು ಲೋಟ ಬೋರಲು ಹಾಕಬೇಕು. ಬೇಡ ಎಂದರೆ ಬಂದವರ ಮುಖಕ್ಕೆ ಬಾಗಿಲು ಹಾಕಿದಷ್ಟೇ ಅವಮಾನ. ಹೀಗೆ ಅಮೃತಬಳ್ಳಿ, ಮೆಣಸು, ಬೂದುಗುಂಬಳದ ರಸ, ತುಕ್ಕು ಹಿಡಿದ ಮೊಳೆ ನೆನೆಹಾಕಿದ ಮಜ್ಜಿಗೆ ಎಲ್ಲವೂ ಒಬ್ಬರ ಹೊಟ್ಟೆಯನ್ನೇ ಸೇರುತ್ತವೆ. ವಾಸಿಯಾಗುವ ಮುಂಚೆ ಕೊನೆಗೆ ಕುಡಿದದ್ದು ಯಾರ ಲೋಟವೋ ಅವರ ಮದ್ದೇ ಮದ್ದು. ಅದನ್ನು ಪಕ್ಕದ ಮನೆಗೆ ಮೆರವಣಿಗೆ ಮಾಡಿಕೊಂಡು ಹೋದ ಹಾಗೆ ಒಯ್ಯುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮೂರಲ್ಲೂ ಇದೆ. ಆದರೆ ನಮ್ಮವರು ಆ ಕಾಗೆಯನ್ನು ಹುಡುಕಿ ಹಾರ ಹಾಕುವ ಜನ.

ನಾನು ಬನಶಂಕರಿ. ಊರವರ ಬಾಯಲ್ಲಿ ಶಂಕ್ರಿ. ಊರಾಚೆ ಬಟ್ಟೆ ಬಿಳುಪು ಮಾಡುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದೇನೆ. ಮಗ್ಗದಿಂದ ಬಂದ ಬಟ್ಟೆ ಬೆಳ್ಳಗಿರುವುದಿಲ್ಲ, ಹಳೇ ಹಲ್ಲಿನ ಬಣ್ಣ ಇರುತ್ತದೆ. ಅದನ್ನು ದೊಡ್ಡ ತೊಟ್ಟಿಯಲ್ಲಿ ಬೇಯಿಸಿ ಬಿಳಿ ಮಾಡುವುದು ಪೆರಾಕ್ಸೈಡು. ನೀಲಿ ಕ್ಯಾನುಗಳಲ್ಲಿ ಬರುತ್ತದೆ. ನೋಡಲು ನೀರು, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಔಷಧಿ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ಸಣ್ಣ ಬಾಟಲಿಯಲ್ಲಿ ನೂರಕ್ಕೆ ಮೂರು ಪಾಲು ಇದ್ದರೆ ನಮ್ಮ ಕ್ಯಾನಿನಲ್ಲಿ ಐವತ್ತು ಪಾಲು. ಕ್ಯಾನಿನ ಮುಚ್ಚಳಕ್ಕೆ ಗಾಳಿ ಹೋಗಲು ತೂತು ಇರುತ್ತದೆ. ಆ ತೂತು ಕಟ್ಟಿಕೊಂಡರೆ ಕ್ಯಾನು ಹೊಟ್ಟೆ ಉಬ್ಬಿಸಿಕೊಂಡು ಒಡೆಯುತ್ತದೆ. ಬಿಸಿಲಿಗೆ ಇಡುವಂತಿಲ್ಲ, ತುಕ್ಕು ತಾಗಿಸುವಂತಿಲ್ಲ, ಚೆಲ್ಲಿದ್ದನ್ನು ಒರೆಸಿದ ಬಟ್ಟೆಯನ್ನು ಮೂಲೆಗೆ ಎಸೆಯುವಂತಿಲ್ಲ, ಅದು ಕೂತಲ್ಲೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗ್ಲೌಸು ಹರಿದಿದ್ದು ಗೊತ್ತಾಗದೆ ಒಂದು ತೊಟ್ಟು ಬೆರಳಿಗೆ ಬಿದ್ದಿತ್ತು. ಚರ್ಮ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಸೂಜಿ ಚುಚ್ಚಿದ ಹಾಗೆ ಉರಿಯಿತು. ಆವತ್ತಿನಿಂದ ಆ ಕ್ಯಾನಿನ ಹತ್ತಿರ ಹೋಗುವಾಗ ನಾನು ಹಾವಿನ ಹುತ್ತದ ಹತ್ತಿರ ಹೋಗುವವಳ ಹಾಗೆ ಹೋಗುತ್ತೇನೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ಗುರುಮಲ್ಲಪ್ಪ ಮೇಷ್ಟ್ರಿಗೆ ಒಂದು ಬಾಟಲಿ ತುಂಬಿಕೊಟ್ಟೆ. ಇದನ್ನು ಮುಚ್ಚಿಟ್ಟು ಮಿಕ್ಕಿದ್ದು ಹೇಳಿದರೆ ನಾನೂ ಸುಳ್ಳು ಹೇಳುವವರ ಜಾತಿಗೇ ಸೇರುತ್ತೇನೆ. ಮೇಷ್ಟ್ರು ನಮ್ಮ ಎಡಗಡೆಯ ಮನೆಯವರು, ನಡುವೆ ಒಂದೇ ಗೋಡೆ. ಅರ್ಧ ಊರಿಗೆ ಅಕ್ಷರ ಕಲಿಸಿದವರು, ನನಗೂ ಕಲಿಸಿದವರು. ಪಂಚೆಗಳೆಲ್ಲ ಹಳದಿಯಾಗಿವೆ, ಸ್ವಲ್ಪ ಬಿಳುಪಿನ ನೀರು ಕೊಡಮ್ಮ ಎಂದು ಶೆಡ್ಡಿಗೇ ಬಂದು ಕೇಳಿದರು. ಮಾಲೀಕರು ಮೇಷ್ಟ್ರಿಗೆ ಇಲ್ಲ ಅನ್ನಬೇಡ ಎಂದರು. ಕೈಗೆ ತಾಗಿಸಬೇಡಿ, ಬಕೆಟ್ ನೀರಿಗೆ ಇಷ್ಟೇ ಹಾಕಿ, ಮುಚ್ಚಳ ಬಿಗಿ ಮಾಡಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಎಂದು ಹೇಳಿ ಕೊಟ್ಟೆ. ಅವರು ನಾನು ಹೇಳಿದ್ದನ್ನೆಲ್ಲ ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ಪಂಚೆಗಳು ಇವತ್ತಿಗೂ ಹಳದಿಯಾಗೇ ಇವೆ.

ಅವರಿಗೆ ಯಾವುದೋ ಪೇಟೆಯಿಂದ ಒಂದು ಕಿರುಪುಸ್ತಕ ಬಂದಿತ್ತಂತೆ. ಎಲ್ಲ ರೋಗಕ್ಕೂ ಮೂಲ ಒಳಗೆ ಗಾಳಿ ಸಾಲದಿರುವುದು, ಈ ನೀರಿನಲ್ಲಿ ಗಾಳಿ ತುಂಬಿದೆ, ದಿನಕ್ಕಿಷ್ಟು ಹನಿ ಕುಡಿದರೆ ರೋಗ ಉಸಿರುಗಟ್ಟಿ ಸಾಯುತ್ತದೆ ಎಂದು ಅದರಲ್ಲಿ ಬರೆದಿತ್ತು. ಮೇಷ್ಟ್ರು ಅದಕ್ಕೆ ಉಸಿರುನೀರು ಎಂದು ಚೆಂದದ ಹೆಸರಿಟ್ಟರು. ಆಗ ಕಾಯಿಲೆ ದರ್ಜಿ ರುದ್ರಯ್ಯನ ಮನೆಯಲ್ಲಿತ್ತು. ಲೋಟ ನೀರಿಗೆ ನಾಲ್ಕು ಹನಿ ಹಾಕಿ ಕೊಟ್ಟರು. ಅವನಿಗೆ ಆಗಲೇ ಏಳು ದಿನವಾಗಿತ್ತು, ಮಾರನೇ ದಿನ ಎದ್ದು ಮೆಷಿನ್ನಿನ ಮುಂದೆ ಕೂತ. ಅಲ್ಲಿಂದ ಕಮ್ಮಾರರ ಮನೆ, ಅಲ್ಲಿಂದ ಬಳೆಗಾರರ ಮನೆ. ಅವರಿಬ್ಬರಿಗೂ ವಾಸಿಯಾಗುವ ಹೊತ್ತಿಗೆ ನಾಲಿಗೆ ಬೆಳ್ಳಗಾಗಿ ಸಿಪ್ಪೆ ಎದ್ದಿತ್ತು, ಎದೆ ಉರಿಯುತ್ತಿತ್ತು. ವಿಷ ಹೊರಗೆ ಬರುತ್ತಿದೆ ಎಂದರು ಮೇಷ್ಟ್ರು. ಊರು ತಲೆದೂಗಿತು.

ಬಳೆಗಾರರ ಸೊಸೆಯ ನಾಲಿಗೆ ನೋಡಿದ ದಿನ ನನ್ನ ಬೆರಳು ನೆನಪಾಯಿತು. ನೇರ ಮೇಷ್ಟ್ರ ಮನೆಗೆ ಹೋಗಿ, ಬಾಟಲಿ ವಾಪಸ್ ಕೊಡಿ, ಅದು ಮದ್ದಲ್ಲ, ಅದನ್ನು ಮುಟ್ಟುವುದಕ್ಕೂ ನಾವು ಹೆದರುತ್ತೇವೆ ಎಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ, ಬೆಂಕಿ ಸುಡುತ್ತೆ ಅಂತ ಅಡುಗೆ ಮಾಡದೆ ಇರ್ತೀಯೇನಮ್ಮ ಎಂದರು. ಜಗಲಿಯ ಮೇಲೆ ಕೂತಿದ್ದವರು ನಕ್ಕರು. ಮೂರು ಮನೆಯಲ್ಲಿ ಮೂರು ಜನ ಎದ್ದು ಓಡಾಡುತ್ತಿದ್ದಾರೆ, ನೀನು ಎಷ್ಟು ಜನರನ್ನು ಎಬ್ಬಿಸಿದ್ದೀಯ ಎಂದು ರುದ್ರಯ್ಯ ಕೇಳಿದ. ಇಪ್ಪತ್ತೆರಡು ವರ್ಷ ಅದನ್ನು ಅಳೆದು ಸುರಿದವಳ ಮಾತಿಗಿಂತ ನಾಲ್ಕಾಣೆ ಕಾಗದದ ಪುಸ್ತಕ ಹೆಚ್ಚಾಯಿತು. ಶೆಡ್ಡಿನ ಹೆಂಗಸಿಗೆ ಏನು ಗೊತ್ತು ಎಂದು ಬಾಯಿ ಬಿಟ್ಟು ಅನ್ನಲಿಲ್ಲ, ಅಷ್ಟೇ.

ಬಳೆಗಾರರ ಮನೆಯಾದ ಮೇಲೆ ನಮ್ಮ ಮನೆ. ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಅಕ್ಕ ಚೌಡಮ್ಮ, ಊರಿಗೆಲ್ಲ ಚೌಡಕ್ಕ. ಗಂಡ ತೀರಿಕೊಂಡ ಮೇಲೆ ಅಕ್ಕ ಮಗಳು ರತ್ನಳನ್ನು ಮಗ್ಗದ ದುಡಿಮೆಯಲ್ಲೇ ಬೆಳೆಸಿ ಮದುವೆ ಮಾಡಿ ಕಳಿಸಿದಳು. ಈಗಲೂ ದಿನಕ್ಕೆ ಒಂದು ಟವೆಲ್ಲಾದರೂ ನೇಯದೆ ಊಟಕ್ಕೆ ಕೂರುತ್ತಿರಲಿಲ್ಲ. ಕಾಯಿಲೆ ಬಂದದ್ದು ಅವಳಿಗೆ. ಜ್ವರ, ಕೆಮ್ಮು. ನಾನು ಮೊದಲ ದಿನವೇ ಅವಳ ಕೈ ಹಿಡಿದು, ಬೇರೆ ಯಾರು ಏನು ಕೊಟ್ಟರೂ ಕುಡಿ, ಮೇಷ್ಟ್ರ ಲೋಟ ಮಾತ್ರ ಮುಟ್ಟಬೇಡ ಎಂದು ಮಾತು ತೆಗೆದುಕೊಂಡೆ. ಎಂಟು ದಿನ ಅವಳು ಮಾತು ಉಳಿಸಿಕೊಂಡಳು. ಮೇಷ್ಟ್ರು ಬಂದಾಗಲೆಲ್ಲ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು. ಊರಿನಲ್ಲಿ ಗುಸುಗುಸು ಶುರುವಾಯಿತು. ಮುಂದಿನ ಮನೆ ಮೇಷ್ಟ್ರದೇ ಆದ್ದರಿಂದ ಕಾಯಿಲೆ ತಮ್ಮ ಮನೆಗೆ ಬರುವುದನ್ನೂ ಲೆಕ್ಕಿಸದೆ ವಾಸಿ ಮಾಡಲು ನಿಂತಿದ್ದಾರೆ, ಎಂಥ ದೊಡ್ಡ ಮನಸ್ಸು, ಇವರಿಗೆ ಮಾತ್ರ ಬೇಡವಂತೆ ಎಂದರು.

ಒಂಬತ್ತನೇ ದಿನ, ಬುಧವಾರ, ಬೆಳಿಗ್ಗೆ ಅಕ್ಕನ ಹಣೆ ಮುಟ್ಟಿದೆ. ತಣ್ಣಗಿತ್ತು. ಗಂಜಿ ಕೇಳಿ ಕುಡಿದಳು. ಕೆಮ್ಮು ಮಾತ್ರ ಇತ್ತು. ಕೆಮ್ಮು ಇರುವ ತನಕ ಕಾಯಿಲೆ ಇದೆ ಅಂತಲೇ ನಾನೂ ತಿಳಿದು ಶೆಡ್ಡಿಗೆ ಹೋದೆ. ಹನ್ನೊಂದು ಗಂಟೆಗೆ ಮೇಷ್ಟ್ರು ಏಳೆಂಟು ಜನರನ್ನು ಕರೆದುಕೊಂಡು ಬಂದರಂತೆ. ಒಂಬತ್ತು ದಿನವಾಯಿತು, ಇನ್ನು ಹನಿ ಲೆಕ್ಕ ಸಾಲದು ಎಂದು ಅರ್ಧ ಲೋಟ ನೀರಿಗೆ ಎರಡು ಚಮಚ ಹಾಕಿದರಂತೆ. ಅಕ್ಕ ಬೇಡ ಎಂದಳಂತೆ. ನಿನ್ನ ಮಗಳಿಗೆ ಅಕ್ಷರ ಕಲಿಸಿದ ಕೈ ಇದು ಎಂದರಂತೆ. ಅಷ್ಟು ಜನರ ಎದುರು ಅವಳು ಇನ್ನೇನು ಮಾಡಿಯಾಳು. ಒಂದೇ ಉಸಿರಿಗೆ ಕುಡಿದಳು. ಲೋಟ ಬೋರಲು ಹಾಕಲು ಆಗಲಿಲ್ಲ.

ಶೆಡ್ಡಿಗೆ ಸುದ್ದಿ ಬಂದು ನಾನು ಓಡಿ ಬಂದಾಗ ಅವಳ ಬಾಯಿಂದ, ಮೂಗಿನಿಂದ ನೊರೆ ಉಕ್ಕುತ್ತಿತ್ತು, ಹಾಲು ಒಲೆಯ ಮೇಲೆ ಉಕ್ಕಿದ ಹಾಗೆ. ನೊರೆಯಲ್ಲಿ ರಕ್ತದ ಎಳೆ. ಹೊಟ್ಟೆ ಊದಿತ್ತು. ಸುತ್ತ ನಿಂತವರು, ನೋಡಿ ನೋಡಿ, ವಿಷ ಹೇಗೆ ಹೊರಗೆ ಬರ್ತಿದೆ ಎನ್ನುತ್ತಿದ್ದರು. ನಾನು ಆ ಮಾತನ್ನು ಸಾಯುವ ತನಕ ಮರೆಯುವುದಿಲ್ಲ. ಅವಳನ್ನು ಎತ್ತಿಕೊಳ್ಳಲು ಹೋದರೆ ಅವಳ ಎಡಗೈ ಜೋತುಬಿದ್ದಿತು. ಶೆಡ್ಡಿನ ಟೆಂಪೊ ತರಿಸಿ, ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಇಪ್ಪತ್ತು ಮೈಲಿ ಆಚೆಯ ಪೇಟೆ ಆಸ್ಪತ್ರೆಗೆ ಹೋದೆ.

ಅಲ್ಲಿಯ ಡಾಕ್ಟರಮ್ಮ ಏನು ಕುಡಿಸಿದಿರಿ ಎಂದು ಕೇಳಿ, ನಾನು ಹೇಳಿದ್ದನ್ನು ಎರಡು ಸಲ ಹೇಳಿಸಿದರು. ಅದು ಒಂದು ಚಮಚ ಹೊಟ್ಟೆಯೊಳಗೆ ಹೋದರೆ ಒಂದು ಲೀಟರಿನಷ್ಟು ಗಾಳಿ ಬಿಡುತ್ತದಂತೆ. ಗಂಟಲು, ಹೊಟ್ಟೆ ಸುಟ್ಟುಹೋಗಿವೆ, ಆ ಗಾಳಿ ಗುಳ್ಳೆಯಾಗಿ ರಕ್ತದೊಳಗೆ ನುಗ್ಗಿ ತಲೆಗೇರಿದೆ, ಕೈ ಬಿದ್ದದ್ದು ಅದಕ್ಕೇ ಎಂದರು. ಹನಿ ಲೆಕ್ಕದಲ್ಲಿ ಕುಡಿದರೆ ಪರವಾಗಿಲ್ಲವೇ ಎಂದು ಕೇಳಿದೆ, ರುದ್ರಯ್ಯನನ್ನು ನೆನೆದು. ಒಳಕ್ಕೆ ತಗೊಳ್ಳುವ ಮದ್ದೇ ಅಲ್ಲಮ್ಮ ಅದು, ಅದರಿಂದ ಯಾವ ರೋಗವೂ ವಾಸಿಯಾಗುವುದಿಲ್ಲ, ಹನಿ ಹಾಕುವವರ ಮನೆಯಲ್ಲೇ ಒಂದು ದಿನ ಯಾರೋ ನೀರೆಂದು ಬಾಟಲಿ ಎತ್ತಿ ಕುಡಿಯುತ್ತಾರೆ ಎಂದರು. ಅಕ್ಕ ಬದುಕುತ್ತಾಳೋ ಇಲ್ಲವೋ ಮೂರು ದಿನ ಕಳೆಯದೆ ಹೇಳಲಾರೆ ಎಂದೂ ಹೇಳಿದರು.

ಆ ಮೂರು ದಿನ ನಾನು ವಾರ್ಡಿನಲ್ಲಿ ಕೂತು ನನ್ನ ಜನ್ಮದಲ್ಲಿ ಕಾಣದ್ದನ್ನು ಕಂಡೆ. ಒಂದೇ ಕೋಣೆಯಲ್ಲಿ ನಲವತ್ತು ರೋಗಿಗಳು. ಅಕ್ಕಪಕ್ಕದ ಮಂಚದಲ್ಲಿ ಒಂದೇ ಜ್ವರದ ಇಬ್ಬರು ಹೆಂಗಸರು. ಒಬ್ಬಳ ಅತ್ತೆ ಕದ್ದುಮುಚ್ಚಿ ಏನೋ ಬೇರು ತೇದು ಕುಡಿಸುತ್ತಿದ್ದಳು, ಇನ್ನೊಬ್ಬಳಿಗೆ ಹಾಗೆ ಕುಡಿಸುವವರು ಯಾರೂ ಇರಲಿಲ್ಲ. ಇಬ್ಬರಿಗೂ ಒಂದೇ ದಿನ ಜ್ವರ ಬಿಟ್ಟಿತು. ನಮ್ಮೂರಿನಲ್ಲಿ ಯಾವತ್ತಾದರೂ ಇಬ್ಬರು ಒಟ್ಟಿಗೆ ಮಲಗಿದ್ದರೆ, ಒಬ್ಬರು ಕುಡಿದು, ಒಬ್ಬರು ಕುಡಿಯದೆ ಎದ್ದಿದ್ದರೆ, ನಮಗೂ ಯಾವತ್ತೋ ಬುದ್ಧಿ ಬರುತ್ತಿತ್ತು. ಒಬ್ಬೊಬ್ಬರನ್ನೇ ನೋಡಿಕೊಂಡು ಬಂದ ನಮಗೆ ಎಲ್ಲ ಲೋಟವೂ ಅಮೃತವೇ.

ಅಕ್ಕ ಉಳಿದಳು. ನಾಲ್ಕನೇ ದಿನ ರತ್ನ ಬಂದು ಅವ್ವನ ಪಕ್ಕ ಕೂತ ಮೇಲೆ ನಾನು ಬಟ್ಟೆಬರೆ ತರಲು ಊರಿಗೆ ಬಂದೆ. ಊರು ನನ್ನನ್ನು ಕಂಡು ಮುಖ ಸಣ್ಣದು ಮಾಡಿತು, ಆದರೆ ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ರೋಗ ಬಲವಾಗಿತ್ತು, ಮೇಷ್ಟ್ರು ಪಾಪ ಕೈಲಾದದ್ದು ಮಾಡಿದರು ಎಂದರು. ಕಾಯಿಲೆ ಇನ್ನೂ ಚೌಡಕ್ಕನ ಮೈಯಲ್ಲೇ ಇದೆ, ಊರು ಬಿಟ್ಟು ಹೋಗಿದೆ, ಅದಕ್ಕೇ ಇಲ್ಲಿ ಯಾರಿಗೂ ಬಂದಿಲ್ಲ ಎಂದು ಮೇಷ್ಟ್ರು ಹೇಳಿದ್ದಾರಂತೆ. ಮಧ್ಯಾಹ್ನ ಅಕ್ಕನ ಸೀರೆ ಮಡಿಸುತ್ತಿದ್ದೆ. ಗೋಡೆಯ ಆಚೆಯಿಂದ ಮಗು ನರಳುವುದು ಕೇಳಿಸಿತು. ಅವ್ವಾ ಚಳಿ, ಅವ್ವಾ ಚಳಿ ಎನ್ನುತ್ತಿತ್ತು. ಯಾರೋ ಸುಮ್ಮನಿರು ಎಂದು ಬಾಯಿಗೆ ಕೈ ಅಡ್ಡ ಇಟ್ಟ ಹಾಗಾಯಿತು.

ಮೇಷ್ಟ್ರ ಮನೆಗೆ ಚಪ್ಪಲಿ ಬಿಡದೆ ನುಗ್ಗಿದೆ. ನಡುಮನೆಯಲ್ಲಿ ಯಾರೂ ಇಲ್ಲ. ಒಳಕೋಣೆಯಲ್ಲಿ ಮೊಮ್ಮಗಳು ಚಂದನಾ, ಆರು ವರ್ಷದ್ದು, ಎರಡು ಕಂಬಳಿ ಹೊದ್ದು ಮಲಗಿತ್ತು. ಹಣೆಯ ಮೇಲೆ ಒದ್ದೆ ಬಟ್ಟೆ. ಮೇಷ್ಟ್ರು ತಲೆದೆಸೆಯಲ್ಲಿ ಕೂತಿದ್ದರು, ಕೈಯಲ್ಲಿ ಗಂಜಿಯ ಬಟ್ಟಲು. ಸೊಸೆ ಲಲಿತ ನನ್ನನ್ನು ನೋಡಿದ್ದೇ ಅಳಲು ಶುರುಮಾಡಿದಳು. ಯಾವತ್ತಿಂದ ಎಂದು ಅವಳನ್ನೇ ಕೇಳಿದೆ.

"ಬುಧವಾರ ಬೆಳಿಗ್ಗೆಯಿಂದಕ್ಕ. ಇನ್ನೂ ನಲ್ಲೀಲಿ ನೀರು ಬಂದಿರ್ಲಿಲ್ಲ, ಆಗ್ಲೇ ಮೈ ಕಾದಿತ್ತು. ಮಾವನಿಗೆ ಆಗ್ಲೇ ಹೇಳ್ದೆ."

ನಲ್ಲಿಯಲ್ಲಿ ನೀರು ಬರುವುದು ಆರು ಗಂಟೆಗೆ. ಅಕ್ಕನಿಗೆ ಕುಡಿಸಿದ್ದು ಹನ್ನೊಂದಕ್ಕೆ. ಆರು ಗಂಟೆಗೇ ಕಾಯಿಲೆ ಗೋಡೆ ದಾಟಿದೆ ಎಂದರೆ ಆರು ಗಂಟೆಗೇ ಅಕ್ಕನಿಗೆ ವಾಸಿಯಾಗಿತ್ತು. ಉಳಿದಿದ್ದು ಬರೀ ಕೆಮ್ಮು. ಕಾಯಿಲೆಯೇ ಇಲ್ಲದ ಹೆಂಗಸಿಗೆ, ಗಂಜಿ ಕುಡಿದು ಎದ್ದು ಕೂತ ಹೆಂಗಸಿಗೆ, ವಾಸಿ ಮಾಡುತ್ತೇನೆ ಎಂದು ಎರಡು ಚಮಚ ಬಟ್ಟೆ ಬಿಳುಪು ಮಾಡುವ ನೀರು ಕುಡಿಸಿದ್ದರು. ಅದೂ ಗೊತ್ತಿದ್ದು. ಜ್ವರ ತಮ್ಮ ಮನೆಗೆ ಬಂದದ್ದು ಗೊತ್ತಿದ್ದೂ, ಉಸಿರುನೀರಿಲ್ಲದೆ ಒಬ್ಬಳು ವಾಸಿಯಾಗಿಬಿಟ್ಟಳು ಎಂದು ಊರಿಗೆ ತಿಳಿಯಬಾರದೆಂದು ಹನ್ನೊಂದು ಗಂಟೆಗೆ ಜನ ಸೇರಿಸಿಕೊಂಡು ಬಂದಿದ್ದರು.

ನನಗೆ ಕೂಗಾಡಬೇಕು ಅನ್ನಿಸಿತು, ಆ ಬಟ್ಟಲು ಕಿತ್ತು ಎಸೆಯಬೇಕು ಅನ್ನಿಸಿತು. ಮಗು ನೋಡುತ್ತಿತ್ತು. ಮೆಲ್ಲಗೆ ಕೇಳಿದೆ.

"ಚಂದನಾಗೆ ಎಷ್ಟು ಹನಿ ಹಾಕಿದ್ರಿ ಮೇಷ್ಟ್ರೇ?"

ಅವರು ಬಟ್ಟಲು ನೋಡಿದರು. ಅದನ್ನು ನೆಲಕ್ಕಿಟ್ಟರು.

"ಹಾಕಿಲ್ಲ ಶಂಕ್ರಿ. ಮಗು ಅದು. ತಡಕೊಳ್ಳಲ್ಲ."

ನನ್ನ ಅಕ್ಕ ತಡೆದುಕೊಳ್ಳುತ್ತಾಳೆ ಎಂದು ಯಾವ ಪುಸ್ತಕದಲ್ಲಿ ಬರೆದಿತ್ತು? ಕೇಳಲಿಲ್ಲ. ಅಷ್ಟರಲ್ಲಿ ನನ್ನ ಹಿಂದೆಯೇ ಬೀದಿಯ ಜನ ಬಂದು ಬಾಗಿಲಲ್ಲಿ ಇಣುಕಿದ್ದರು. ಮಗುವಿಗೆ ಬಂದಿದೆ ಎಂದು ಗೊತ್ತಾದ ಅರ್ಧ ಗಂಟೆಯಲ್ಲಿ ಲೋಟಗಳು ಬಂದವು. ನಾನು ಆರು ಗಂಟೆಯದ್ದು, ಹನ್ನೊಂದು ಗಂಟೆಯದ್ದು ಎಲ್ಲ ಬಿಡಿಸಿ ಹೇಳಿದೆ. ಕೇಳಿದರು, ಹೌದಲ್ಲ ಎಂದರು, ಆಮೇಲೆ ರುದ್ರಯ್ಯ ಮುಂದೆ ಬಂದು, ಹಾಗಾದರೆ ಚೌಡಕ್ಕನಿಗೆ ಕೊಟ್ಟದ್ದು ಅಳತೆ ಜಾಸ್ತಿಯಾಯಿತು ಅನ್ನಿ, ಮಗುವಿಗೆ ಎರಡೇ ಹನಿ ಹಾಕಿ ತಂದಿದ್ದೇನೆ ಎಂದ. ಅವನ ಕೈಯಲ್ಲಿ ಲೋಟ. ಅವನ ಮನೆಗೂ ಮೇಷ್ಟ್ರು ಒಂದು ಸಣ್ಣ ಬಾಟಲಿ ಕೊಟ್ಟಿದ್ದರು. ತಂದ ಲೋಟ ಬೇಡ ಎನ್ನುವಂತಿಲ್ಲ. ಮೇಷ್ಟ್ರು ನನ್ನ ಮುಖ ನೋಡಿದರು. ಅರ್ಧ ಊರಿಗೆ ಅಕ್ಷರ ಕಲಿಸಿದ ಮನುಷ್ಯ ಒಂದು ಇಲ್ಲ ಎನ್ನಲಾರದೆ ಕೂತಿದ್ದರು.

ನಾನು ಹೋಗಿ ಬಾಗಿಲಲ್ಲಿ ನಿಂತೆ. ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತೆ. ಒಂದು ಲೋಟವೂ ಒಳಗೆ ಹೋಗುವುದಿಲ್ಲ ಎಂದೆ. ಬೈದರು. ಅಕ್ಕನ ಸಿಟ್ಟು ಮಗುವಿನ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಎಂದರು, ನೀನೂ ಒಂದು ಹೆಂಗಸಾ ಎಂದರು. ರುದ್ರಯ್ಯನ ಲೋಟವನ್ನು ಕಿತ್ತುಕೊಂಡು ಮೋರಿಗೆ ಸುರಿದೆ. ಅವನ ಎರಡು ಹನಿ ಎಷ್ಟು ದೊಡ್ಡವಿದ್ದವೋ, ಮೋರಿಯ ಪಾಚಿಯ ಮೇಲೆ ಅದು ಬುಸುಗುಟ್ಟಿ ನೊರೆ ಎಬ್ಬಿಸಿತು, ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟಾದರೂ ಆಯಿತಲ್ಲ. ಅಕ್ಕನ ಬಟ್ಟೆಯನ್ನು ಬಸ್ಸಿನವರ ಕೈಯಲ್ಲಿ ರತ್ನಳಿಗೆ ಕಳಿಸಿ, ಶೆಡ್ಡಿಗೆ ರಜೆ ಹೇಳಿಕಳಿಸಿ ನಾಲ್ಕು ದಿನ ಹಗಲೆಲ್ಲ ಅಲ್ಲೇ ನಿಂತೆ. ಲಲಿತ ಗಂಜಿ ಕುಡಿಸುತ್ತಿದ್ದಳು, ಒದ್ದೆ ಬಟ್ಟೆ ಬದಲಾಯಿಸುತ್ತಿದ್ದಳು, ಬೇರೇನೂ ಇಲ್ಲ. ಯಾರ ಅನ್ಯಾಯದಿಂದ ನನ್ನ ಅಕ್ಕ ಹಾಸಿಗೆ ಹಿಡಿದಳೋ ಅವರ ಮನೆಯನ್ನೇ ಕಾಯುತ್ತಿದ್ದೇನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆದರೂ ಕದಲಲಿಲ್ಲ. ನಾಲ್ಕನೇ ದಿನ ಸಂಜೆ ಚಂದನಾ ಹೊಸಿಲಿಗೆ ಬಂದು, ಶಂಕ್ರಕ್ಕ, ಕಾಲು ನೋಯಲ್ವಾ ಎಂದು ಕೇಳಿತು. ಮೈ ಮುಟ್ಟಿದೆ, ತಣ್ಣಗಿತ್ತು.

ನಮ್ಮೂರಿನಲ್ಲಿ ಯಾರ ಲೋಟವನ್ನೂ ಕುಡಿಯದೆ ಎದ್ದ ಮೊದಲನೇ ರೋಗಿ ಅದು. ಇನ್ನಾದರೂ ಇವರಿಗೆ ಕಣ್ಣು ತೆರೆಯುತ್ತದೆ ಎಂದುಕೊಂಡು ಮಾರನೇ ದಿನ ಆಸ್ಪತ್ರೆಗೆ ಹೊರಟೆ. ಅಕ್ಕ ಗೋಡೆಗೆ ಒರಗಿ ಕೂರುವಷ್ಟಾಗಿದ್ದಳು. ಮಾತು ಇನ್ನೂ ಹೊರಡುವುದಿಲ್ಲ, ಗಂಟಲಿಗೆ ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ. ಎಡಗೈ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಬುಧವಾರ ಬೆಳಿಗ್ಗೆಯೇ ನಿನಗೆ ವಾಸಿಯಾಗಿತ್ತು ಕಣಕ್ಕ ಎಂದು ಅವಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತ, ಹೇಳದೆ ಸಂಜೆ ಬಸ್ಸಿಗೆ ಊರಿಗೆ ಬಂದಿಳಿದೆ.

ಬಸ್‌ಸ್ಟ್ಯಾಂಡಿನಲ್ಲಿ ಹಿಟ್ಟಿನ ಗಿರಣಿಯ ಸಿದ್ದಲಿಂಗ ಕಾಯುತ್ತಿದ್ದ. ಮೇಷ್ಟ್ರ ಎಡಗಡೆಯ ಮನೆ ಅವನದು. ಅವನ ತಾಯಿಗೆ ಜ್ವರ ಬಂದಿತ್ತು. ಎರಡೂ ಕೈ ಜೋಡಿಸಿದ. ಊರವರೆಲ್ಲ ಸೇರಿ ಮಾತಾಡಿಕೊಂಡಿದ್ದರಂತೆ. ನಾನು ನಿಂತ ನಾಲ್ಕೇ ದಿನಕ್ಕೆ ಮೇಷ್ಟ್ರ ಮೊಮ್ಮಗಳು ಎದ್ದದ್ದು ಹಾಗೆ ಬಾಗಿಲಲ್ಲಿ ನಿಂತದ್ದರಿಂದಂತೆ. ಉಸಿರುನೀರಿಗಿಂತ ಇದು ಬಲವಾದ ಮದ್ದಂತೆ. ಹೇಗೆ ನಿಂತಿದ್ದೆ, ಯಾವ ಕೈ ಮೇಲಿತ್ತು, ಮುಖ ಯಾವ ದಿಕ್ಕಿಗಿತ್ತು ಎಂದು ರುದ್ರಯ್ಯ ಎಲ್ಲ ನೋಡಿಟ್ಟುಕೊಂಡಿದ್ದಾನಂತೆ. ನಾನು ಬರದಿದ್ದರೆ ಅವನೇ ಬಂದು ನಿಲ್ಲುತ್ತಾನಂತೆ, ಜೊತೆಗೆ ಇರಲಿ ಎಂದು ಎರಡು ಹನಿಯನ್ನೂ ಹಾಕುತ್ತಾನಂತೆ.

ಬಸ್‌ಸ್ಟ್ಯಾಂಡು ಎಂದು ನೋಡದೆ ಬಾಯಿಗೆ ಬಂದ ಹಾಗೆ ಬೈದೆ. ಅವನನ್ನು, ಅವನ ಗಿರಣಿಯನ್ನು, ರುದ್ರಯ್ಯನನ್ನು, ಊರನ್ನು, ಊರು ಕಟ್ಟಿದವರನ್ನು. ನಿಂತದ್ದರಿಂದ ಅಲ್ಲ ಕಣೋ, ಕುಡಿಸದೆ ಇದ್ದದ್ದರಿಂದ ಎಂದೆ. ಸಿದ್ದಲಿಂಗ ತಲೆ ಬಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡ. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದ.

"ಅವತ್ತು ನೀವು ಕೆಲ್ಸಕ್ಕೆ ಹೋಗ್ದೆ ನಿಮ್ಮನೆ ಬಾಗ್ಲಲ್ಲೇ ನಿಂತಿದ್ದಿದ್ರೆ ಚೌಡಕ್ಕನಿಗೂ ಹಿಂಗಾಗ್ತಿರ್ಲಿಲ್ಲ, ಅಲ್ವೇನಕ್ಕ?"

ಆಗುತ್ತಿರಲಿಲ್ಲ ಎಂದೆ. ಅವನ ಹಿಂದೆ ಹೋಗಿ, ಅವನ ತಾಯಿ ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತೆ.